ದೋಣಿ ಸಿದ್ಧ, ಕಾಗದ ಇಲ್ಲ: ಅಮೆರಿಕ–ಕೆನಡಾ ಗಡಿಯ ಒಂದು ಕನೂ ಪ್ರವಾಸದ ಪ್ರಕರಣ

ಮಿನ್ನೆಸೋಟದ ಈಶಾನ್ಯ ಮೂಲೆಯ ನಕ್ಷೆ ನೋಡಿದರೆ ಅಮೆರಿಕ ಎಲ್ಲಿ ಮುಗಿಯಿತು, ಕೆನಡಾ ಎಲ್ಲಿ ಶುರುವಾಯಿತು ಅಂತ ಥಟ್ಟನೆ ಹೇಳಲು ಬರುವುದಿಲ್ಲ. ಸರೋವರಗಳ ನಡುವೆಯೇ ಒಂದು ತುಂಡು ಗೆರೆ ಓಡುತ್ತದೆ. ಬೇಲಿ ಇಲ್ಲ, ಗೇಟು ಇಲ್ಲ. ದಕ್ಷಿಣಕ್ಕೆ ಬೌಂಡರಿ ವಾಟರ್ಸ್ ಕನೂ ಏರಿಯಾ ವೈಲ್ಡರ್ನೆಸ್, ಉತ್ತರಕ್ಕೆ ಒಂಟಾರಿಯೊದ ಕ್ವೆಟಿಕೊ ಪ್ರಾಂತೀಯ ಉದ್ಯಾನ. ಒಂದೊಂದೂ ನಾಲ್ಕು ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡದು. ಒಳಗೆ ರಸ್ತೆ ಇಲ್ಲ. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಕನೂವನ್ನು, ಅಂದರೆ ಹುಟ್ಟು ಹಾಕಿ ನಡೆಸುವ ಹಗುರ ದೋಣಿಯನ್ನು, ಹೆಗಲ ಮೇಲೆ ಹೊತ್ತು ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು. ಆ ದಾರಿಗೆ ಪೋರ್ಟೇಜ್ ಅನ್ನುತ್ತಾರೆ.

ಇಲ್ಲಿ ಬರೆಯುತ್ತಿರುವುದು 2025ರ ಬೇಸಿಗೆಗೆ ಯೋಜನೆ ಹಾಕಿದ ಐದು ಜನರ ಒಂದು ಗುಂಪಿನ ಬಗ್ಗೆ. ಅವರ ಕಾಗದಪತ್ರ ಜೋಡಿಸುವಾಗ ನಾನು ಜೊತೆಗಿದ್ದೆ, ದೋಣಿಯಲ್ಲಿ ಅಲ್ಲ. ಎಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಆದರೆ ನಿಯಮಗಳನ್ನೂ ತೀರ್ಮಾನಗಳನ್ನೂ ಇದ್ದ ಹಾಗೇ ಇಟ್ಟಿದ್ದೇನೆ. ಇದು ಕಾನೂನು ಸಲಹೆ ಅಲ್ಲ.

ಯಾರು ಯಾರು

ಗುಂಪಿನ ಮುಂದಾಳು ಅಮೆರಿಕದ ಪ್ರಜೆ. ಈ ನೀರಿನಲ್ಲಿ ಪಳಗಿದವರು. ಎರಡನೆಯವರು ಒಬ್ಬ ತಾಯಿ, ಭಾರತದ ಪಾಸ್‌ಪೋರ್ಟ್, ಅಮೆರಿಕದ ಗ್ರೀನ್ ಕಾರ್ಡ್. ಮೂರನೆಯವನು ಅವರ ಮಗ, ಹದಿಹರೆಯದ ಹುಡುಗ, ಹುಟ್ಟಿನಿಂದ ಅಮೆರಿಕದ ಪ್ರಜೆ. ಅವನ ಅಪ್ಪ ಪ್ರವಾಸಕ್ಕೆ ಬರುತ್ತಿರಲಿಲ್ಲ. ನಾಲ್ಕನೆಯವರು ಎಚ್-1ಬಿ ಅನ್ನುವ ತಾತ್ಕಾಲಿಕ ಉದ್ಯೋಗ ಅನುಮತಿ ಮೇಲೆ ಕೆಲಸ ಮಾಡುವ ಇಂಜಿನಿಯರ್. ಅವರದೂ ಭಾರತದ ಪಾಸ್‌ಪೋರ್ಟ್. ಅದರಲ್ಲಿದ್ದ ಒಂದೇ ಅಮೆರಿಕನ್ ವೀಸಾ ಎಂದರೆ ಓದುವ ಕಾಲದ್ದು, ಅವಧಿ ಮುಗಿದು ಎಷ್ಟೋ ಕಾಲ ಆಗಿತ್ತು. ದೇಶದೊಳಗೆ ಇರುವುದಕ್ಕೆ ಅದರಿಂದ ತೊಂದರೆ ಇಲ್ಲ. ಹೊರಗೆ ಹೋಗಿ ಬರುವಾಗಲೇ ಪ್ರಶ್ನೆ. ಐದನೆಯವರು ಮುಂದಾಳುವಿನ ಹಳೆಯ ಗೆಳೆಯ, ಅಮೆರಿಕದ ಪ್ರಜೆ. ಅವರ ಕಾಗದ ಎಲ್ಲರಿಗಿಂತ ಸಲೀಸು ಅಂತ ಎಲ್ಲರೂ ಅಂದುಕೊಂಡಿದ್ದರು.

ಮುಂದಾಳುವಿನ ಮನಸ್ಸಿನಲ್ಲಿ ಮಾರ್ಗ ಮೊದಲೇ ಕೂತುಬಿಟ್ಟಿತ್ತು. ಈಲಿ ಪಟ್ಟಣದ ಹತ್ತಿರದ ಮೂಸ್ ಲೇಕ್‌ನಿಂದ ಹೊರಟು, ನ್ಯೂಫೌಂಡ್, ಸಕರ್ ಸರೋವರ ದಾಟಿ ಪ್ರೇರಿ ಪೋರ್ಟೇಜ್. ಅಲ್ಲಿ ಕ್ವೆಟಿಕೊದ ರೇಂಜರ್ ಠಾಣೆ. ಅಲ್ಲಿಂದ ಉತ್ತರಕ್ಕೆ ಆಗ್ನೆಸ್ ಸರೋವರ, ಲೂಯಿಸಾ ಜಲಪಾತ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಸುಂದರ ಮಾರ್ಗ, ಅದರಲ್ಲಿ ಎರಡು ಮಾತಿಲ್ಲ.

ತೊಡಕು ಎಲ್ಲಿ ಬಂತು

ಜನವರಿಯಲ್ಲಿ ಮೊದಲ ಸಭೆ. ಮುಂದಾಳು ನಕ್ಷೆ ಹರಡಿ ಕೂತರು. ತಾಯಿ ಒಂದೇ ಪ್ರಶ್ನೆ ಕೇಳಿದರು: "ಪ್ರೇರಿ ಪೋರ್ಟೇಜ್‌ನಲ್ಲಿ ನಮ್ಮ ಪಾಸ್‌ಪೋರ್ಟ್ ನೋಡುವವರು ಯಾರು?"

ಯಾರೂ ಇಲ್ಲ ಅನ್ನುವುದೇ ಉತ್ತರ. ಅಲ್ಲಿರುವುದು ಉದ್ಯಾನದ ಸಿಬ್ಬಂದಿ. ಅವರು ಕ್ಯಾಂಪಿಂಗ್ ಪರ್ಮಿಟ್ ಕೊಡುತ್ತಾರೆ, ದೇಶದೊಳಗೆ ಬರಲು ಅನುಮತಿ ಕೊಡುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ. ಉದ್ಯಾನದ ಪರ್ಮಿಟ್ ಕೈಲಿದ್ದರೂ ಗಡಿ ದಾಟಿದ್ದು ಅಕ್ರಮ ಆಗಬಹುದು.

ಇಂಥ ಕಡೆ ನೀರಿನ ಮೇಲೆ ಗಡಿ ದಾಟುವವರಿಗೆಂದೇ ಕೆನಡಾ ಗಡಿ ಸೇವಾ ಸಂಸ್ಥೆ ಆರ್‌ಎಬಿಸಿ ಅನ್ನುವ ಪರ್ಮಿಟ್ ಕೊಡುತ್ತಿತ್ತು. ಅದು ಇದ್ದವರು ಪ್ರತಿ ಸಲ ಠಾಣೆಗೆ ಹೋಗಿ ವರದಿ ಮಾಡಬೇಕಿರಲಿಲ್ಲ. ಮುಂದಾಳುವಿನ ಹತ್ತಿರ ಅದು ಇತ್ತು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಹೊಸ ಅರ್ಜಿಗಳನ್ನು ನಿಲ್ಲಿಸಿತ್ತು. ಹಾಗಾಗಿ ಉಳಿದವರಿಗೆ ಸಿಗುವ ಹಾಗಿರಲಿಲ್ಲ. ನಿಲ್ಲಿಸದೇ ಇದ್ದಿದ್ದರೂ ಇಂಜಿನಿಯರಿಗೆ ಬಾಗಿಲು ಮುಚ್ಚಿಯೇ ಇತ್ತು. ಆ ಪರ್ಮಿಟ್ ಅಮೆರಿಕ ಮತ್ತು ಕೆನಡಾದ ಪ್ರಜೆಗಳಿಗೆ, ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ.

ಮುಂದಾಳುವಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಯಾಕೆ ಅಂತ ಅರ್ಥವಾಗುತ್ತದೆ. ಅವರಿಗೆ ಗಡಿ ಅನ್ನುವುದು ಯಾವತ್ತೂ ಅಡ್ಡ ಬಂದಿರಲಿಲ್ಲ. ಅನುಭವಿ ಅನ್ನಿಸಿಕೊಂಡವರ ಅನುಭವ ಅವರ ಪಾಸ್‌ಪೋರ್ಟಿನ ಅನುಭವವೂ ಹೌದು, ಅಲ್ವಾ.

ಮುಂದಿದ್ದ ದಾರಿಗಳು

ಮೊದಲ ದಾರಿ: ಗಡಿ ದಾಟದೇ ಗಡಿಯುದ್ದಕ್ಕೂ ಹೋಗುವುದು. ನೈಫ್, ಬಾಸ್‌ವುಡ್, ಕ್ರುಕೆಡ್ ಸರೋವರಗಳಲ್ಲಿ ಅಮೆರಿಕದ ದಂಡೆಯಲ್ಲೇ ರಾತ್ರಿ ತಂಗುವುದು. ದೋಣಿ ಆಚೆ ನೀರಿಗೆ ಸರಿದರೂ, ಅಲ್ಲಿ ದಡಕ್ಕೆ ಇಳಿಯದೆ, ಲಂಗರು ಹಾಕದೆ, ಬೇರೆ ದೋಣಿಯ ಜೊತೆ ಸಂಪರ್ಕ ಮಾಡದೆ ವಾಪಸ್ ಬಂದರೆ ಕೆನಡಾಕ್ಕೆ ವರದಿ ಮಾಡಬೇಕಿಲ್ಲ. ಈ ಮಾತು ಬಂದಾಗ ಯಾರಾದರೂ 1842ರ ವೆಬ್‌ಸ್ಟರ್–ಆಶ್‌ಬರ್ಟನ್ ಒಪ್ಪಂದ ಎತ್ತುತ್ತಾರೆ. ಇಲ್ಲೂ ಎತ್ತಿದರು. ಲೇಕ್ ಸುಪೀರಿಯರ್‌ನಿಂದ ಲೇಕ್ ಆಫ್ ದ ವುಡ್ಸ್‌ವರೆಗೆ ಗಡಿಯುದ್ದಕ್ಕೂ ಇರುವ ಜಲಮಾರ್ಗ, ವಾಡಿಕೆಯ ಪೋರ್ಟೇಜ್‌ಗಳು ಎರಡೂ ದೇಶದ ಜನರಿಗೆ ಮುಕ್ತ ಅಂತ ಅದರಲ್ಲಿದೆ. ನಿಜವೇ. ಆದರೆ ಅದು ಹಾದುಹೋಗುವ ಹಕ್ಕು. ಕ್ವೆಟಿಕೊದ ಒಳಗೆ ಟೆಂಟ್ ಹಾಕುವ ಹಕ್ಕಲ್ಲ. ಅದೂ ಅಲ್ಲದೆ ಇಂಜಿನಿಯರ್ ಆ ಎರಡೂ ದೇಶದ ಪ್ರಜೆ ಅಲ್ಲ. ಅವರ ವಿಷಯದಲ್ಲಿ ಹಳೆಯ ಒಪ್ಪಂದ ನೆಚ್ಚಿಕೊಂಡು ಹೊರಡುವುದು ಜಾಣತನ ಅಲ್ಲ.

ಎರಡನೆಯ ದಾರಿ: ಕಾರಿನಲ್ಲಿ ಸೇತುವೆ ದಾಟಿ, ಅಧಿಕಾರಿ ಮುಂದೆ ನಿಂತು, ಆಮೇಲೆ ಉತ್ತರದ ಕಡೆಯಿಂದ ಕ್ವೆಟಿಕೊಗೆ ಇಳಿಯುವುದು. ಇಂಟರ್‌ನ್ಯಾಷನಲ್ ಫಾಲ್ಸ್‌ನಲ್ಲಿ ರೇನಿ ನದಿ ದಾಟಿದರೆ ಫೋರ್ಟ್ ಫ್ರಾನ್ಸಿಸ್. ಅಲ್ಲಿಂದ ಸುಮಾರು 150 ಕಿಲೋಮೀಟರ್ ಪೂರ್ವಕ್ಕೆ ಅಟಿಕೋಕನ್. ಅದಕ್ಕೂ ಆಚೆ ಫ್ರೆಂಚ್ ಲೇಕ್, ಕ್ವೆಟಿಕೊದ ಡಾಸನ್ ಟ್ರೇಲ್ ಪ್ರವೇಶ. ದಾರಿ ಉದ್ದ, ಒಂದಿಡೀ ದಿನ ಕಾರಿನಲ್ಲೇ ಹೋಗುತ್ತದೆ. ಆಗ್ನೆಸ್ ಸರೋವರದ ಆಸೆ ಬಿಡಬೇಕು.

ಮೂರನೆಯದು, ಗುಂಪನ್ನು ಒಡೆಯುವುದು. ಪರ್ಮಿಟ್ ಇದ್ದವರು ನೀರಿನಲ್ಲಿ, ಉಳಿದವರು ರಸ್ತೆಯಲ್ಲಿ. ಇದನ್ನು ಯಾರೋ ಗಂಭೀರವಾಗಿಯೇ ಹೇಳಿದರು. ತಾಯಿ ನಕ್ಕು ತಳ್ಳಿಹಾಕಿದರು. ನೆಟ್‌ವರ್ಕ್ ಇಲ್ಲದ ಕಾಡಿನ ಮಧ್ಯೆ ಎರಡು ಗುಂಪು ಸಂಧಿಸುವ ಯೋಜನೆ ನಕ್ಷೆಯ ಮೇಲಷ್ಟೇ ಚೆಂದ.

ಇಲ್ಲಿ ಗುಂಪು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಎರಡನೆಯ ದಾರಿ ಅಂತ ತೀರ್ಮಾನಿಸಿ, ಮೊದಲನೆಯದನ್ನು ಬಿಡಲಿಲ್ಲ. ಬೌಂಡರಿ ವಾಟರ್ಸ್‌ನಲ್ಲಿ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗಲು ಕೋಟಾ ಇದೆ. ಒಂದೊಂದು ಪ್ರವೇಶದಿಂದ ದಿನಕ್ಕೆ ಇಷ್ಟೇ ಗುಂಪು. ಬುಕಿಂಗ್ ಜನವರಿ ಕೊನೆಗೆ ತೆರೆಯುತ್ತದೆ. ಕ್ವೆಟಿಕೊದ್ದು ಐದು ತಿಂಗಳು ಮುಂಚೆ. ಅಂದರೆ ಆಗಸ್ಟ್ ಪ್ರವಾಸಕ್ಕೆ ಅಮೆರಿಕದ ಪರ್ಮಿಟ್ ಮೊದಲು ಸಿಗುತ್ತದೆ, ಕೆನಡಾದ್ದು ಮಾರ್ಚ್‌ನಲ್ಲಿ. ಅವರು ಜನವರಿಯಲ್ಲೇ ಅಮೆರಿಕದ ಕಡೆಯ ಒಂದು ಪರ್ಮಿಟ್ ಹಿಡಿದಿಟ್ಟರು. ರದ್ದು ಮಾಡಿದರೆ 6 ಡಾಲರ್ ಬುಕಿಂಗ್ ಶುಲ್ಕ ಮಾತ್ರ ಹೋಗುತ್ತದೆ. ಜೊತೆಗೆ ಒಂದು ಗಡುವು ಬರೆದಿಟ್ಟರು: ಹೊರಡುವುದಕ್ಕೆ ನಾಲ್ಕು ವಾರ ಇರುವಾಗ ಯಾರದಾದರೂ ಕಾಗದ ಬಾಕಿ ಇದ್ದರೆ, ಚರ್ಚೆ ಇಲ್ಲ, ಅಮೆರಿಕದ ಕಡೆಯ ಪ್ರವಾಸ. ಎಲ್ಲ ಸರಿಯಾದರೆ ಅದೇ ದಿನ ಅಮೆರಿಕದ ಪರ್ಮಿಟ್ ರದ್ದು. ಕೊನೇ ದಿನದವರೆಗೆ ಹಿಡಿದಿಟ್ಟುಕೊಂಡರೆ ಬೇರೆ ಯಾವುದೋ ಗುಂಪಿನ ಜಾಗ ಸುಮ್ನೆ ವ್ಯರ್ಥ.

ಇಂಜಿನಿಯರ್ ವಿಷಯ

ತಾಯಿಯ ಕಾಗದ ಸುಲಭ. 2022ರ ಏಪ್ರಿಲ್‌ನಿಂದ ಅಮೆರಿಕದ ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವೀಸಾ ಬೇಡ, ಇಟಿಎ ಅನ್ನುವ ಆನ್‌ಲೈನ್ ಪ್ರಯಾಣ ಅನುಮತಿ ಕೂಡ ಬೇಡ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಚಾಲ್ತಿಯಲ್ಲಿರುವ ಕಾರ್ಡ್, ಎರಡೂ ಸಾಕು. ಮಗನಿಗೆ ಅಪ್ಪನಿಂದ ಒಪ್ಪಿಗೆ ಪತ್ರ: ಎಲ್ಲಿಗೆ, ಯಾವ ತಾರೀಕು, ಯಾರ ಜೊತೆ, ಅಪ್ಪನ ಫೋನ್ ನಂಬರ್. ನೋಟರಿ ಮಾಡಿಸಿದರು.

ಇಂಜಿನಿಯರಿಗೆ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು. ಎಚ್-1ಬಿ ಇದ್ದರೆ ಬೇಡ ಅನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ, ತಪ್ಪು. ಅವರು ಫೆಬ್ರವರಿಯಲ್ಲೇ ಅರ್ಜಿ ಹಾಕಿದರು. ಶುಲ್ಕ 100 ಕೆನಡಿಯನ್ ಡಾಲರ್, ಬೆರಳಚ್ಚಿಗೆ ಇನ್ನೂ 85. ವೀಸಾ ಗಡುವಿಗಿಂತ ಸಾಕಷ್ಟು ಮುಂಚೆಯೇ ಬಂತು. ಎಲ್ಲರಿಗೂ ನಿರಾಳ.

ಅವರೊಬ್ಬರಿಗೆ ಮಾತ್ರ ಇರಲಿಲ್ಲ. ಹೋಗುವುದು ಸರಿ, ಬರುವುದು ಹೇಗೆ?

ಇದಕ್ಕೊಂದು ನಿಯಮ ಇದೆ, ಆಟೋಮ್ಯಾಟಿಕ್ ವೀಸಾ ರೀವ್ಯಾಲಿಡೇಶನ್. ಐ-94, ಅಂದರೆ ಅಮೆರಿಕದಲ್ಲಿ ಯಾವತ್ತಿನವರೆಗೆ ಇರಬಹುದು ಅಂತ ಹೇಳುವ ಪ್ರವೇಶ ದಾಖಲೆ, ಅದರ ಅವಧಿ ಇನ್ನೂ ಇದ್ದು, ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ, 30 ದಿನದೊಳಗೆ ವಾಪಸ್ ಬಂದರೆ, ಪಾಸ್‌ಪೋರ್ಟಿನಲ್ಲಿರುವ ಅವಧಿ ಮುಗಿದ ವೀಸಾವನ್ನೇ ಆ ಪ್ರವೇಶದ ಮಟ್ಟಿಗೆ ಚಾಲ್ತಿ ಇದೆ ಅಂತ ಪರಿಗಣಿಸುತ್ತಾರೆ. ಅಮೆರಿಕದೊಳಗೇ ಸ್ಟೇಟಸ್ ಬದಲಾಗಿದ್ದರೂ, ಅಂದರೆ ವೀಸಾ ವಿದ್ಯಾರ್ಥಿಯದ್ದು, ಈಗ ಇರುವುದು ಎಚ್-1ಬಿ ಆಗಿದ್ದರೂ, ಇದು ಅನ್ವಯಿಸುತ್ತದೆ. ಕೆಲವು ದೇಶಗಳ ಪ್ರಜೆಗಳಿಗೆ ಈ ಸವಲತ್ತು ಇಲ್ಲ. ಭಾರತ ಆ ಪಟ್ಟಿಯಲ್ಲಿಲ್ಲ.

ಈ ಹೊತ್ತಿಗೆ ಇಂಜಿನಿಯರಿಗೆ ಒಂದು ಆಲೋಚನೆ ಬಂತು. ಹೇಗೂ ಕೆನಡಾಕ್ಕೆ ಹೋಗುತ್ತಿದ್ದೇನೆ, ಪ್ರವಾಸದ ಕೊನೆಗೆ ಅಲ್ಲೇ ಅಮೆರಿಕದ ಕಾನ್ಸುಲೇಟ್‌ನಲ್ಲಿ ಹೊಸ ವೀಸಾ ಹಾಕಿಸಿಕೊಂಡು ಬಂದರೆ ಹೇಗೆ? ಒಂದೇ ಖರ್ಚಿನಲ್ಲಿ ಎರಡು ಕೆಲಸ. ಅಪಾಯಿಂಟ್‌ಮೆಂಟ್ ಹುಡುಕಲು ಕೂತೂ ಬಿಟ್ಟಿದ್ದರು. ಅವರ ಕಂಪನಿಯ ವಕೀಲರು ತಡೆದರು. ಹೊರಗೆ ಇರುವಾಗ ಹೊಸ ವೀಸಾಗೆ ಅರ್ಜಿ ಹಾಕಿದ ಕ್ಷಣ ಈ ನಿಯಮದ ರಕ್ಷಣೆ ಹೋಗುತ್ತದೆ. ವೀಸಾ ತಡವಾದರೆ ಅಥವಾ ನಿರಾಕರಿಸಿದರೆ ಅವರು ಕೆನಡಾದಲ್ಲೇ ಉಳಿಯಬೇಕು. ಕೆಲಸ, ಮನೆ ಎಲ್ಲ ಗಡಿಯ ಈಚೆ.

ಇಡೀ ಪ್ರಕರಣದ ನಿಜವಾದ ತಿರುವು ಇದು ಅಂತ ನನ್ನ ಅಭಿಪ್ರಾಯ. ಪ್ರವಾಸಕ್ಕೆ ಇನ್ನೊಂದು ಕೆಲಸ ಗಂಟುಹಾಕಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಇಲ್ಲಿ ಹಾಗೆ ಗಂಟುಹಾಕಿದ್ದರೆ ಆಗುತ್ತಿದ್ದ ನಷ್ಟ ಪ್ರವಾಸಕ್ಕಿಂತ ಎಷ್ಟೋ ದೊಡ್ಡದು. ಅವರು ಕಾನ್ಸುಲೇಟ್ ವಿಚಾರ ಕೈಬಿಟ್ಟರು. ಐ-94 ಪ್ರತಿ, ಎಚ್-1ಬಿ ಅನುಮೋದನೆ ಪತ್ರ, ಸಂಬಳದ ಚೀಟಿ, ಆ ನಿಯಮದ ಒಂದು ಪುಟದ ಪ್ರಿಂಟ್, ಎಲ್ಲ ಜಿಪ್ ಚೀಲದಲ್ಲಿ ಹಾಕಿಟ್ಟರು.

ನೀರಿನ ದಾರಿ ಬಿಟ್ಟಿದ್ದು ಎಷ್ಟು ಸರಿ ಅನ್ನುವುದೂ ಇಲ್ಲೇ ಗೊತ್ತಾಯಿತು. ದೋಣಿಯಲ್ಲಿ ಅಮೆರಿಕಕ್ಕೆ ಮರಳುವವರು ರೋಮ್ ಅನ್ನುವ ಮೊಬೈಲ್ ಆ್ಯಪ್ ಮೂಲಕ ವರದಿ ಮಾಡಬಹುದು. ಆದರೆ ಅದಕ್ಕೆ ಇಂಟರ್‌ನೆಟ್ ಬೇಕು, ಕಾಡಿನಲ್ಲಿ ಸಿಗ್ನಲ್ ಇಲ್ಲ. ಅಧಿಕಾರಿ ಖುದ್ದಾಗಿ ಬನ್ನಿ ಅಂದರೆ ಹೋಗಬೇಕು. ಅವಧಿ ಮುಗಿದ ವೀಸಾ ಹಿಡಿದು ಬರುವವರಿಗೆ ಬೇಕಿರುವುದು ಎದುರಿಗೆ ಕೂತು ಕಾಗದ ನೋಡುವ ಒಬ್ಬ ಅಧಿಕಾರಿ. ಅದು ಸೇತುವೆಯ ತುದಿಯಲ್ಲಿ ಸಿಗುತ್ತದೆ.

ಐದನೆಯವರು

ಜುಲೈ ಮೊದಲ ವಾರ ಮುಂದಾಳು ಎಲ್ಲರಿಗೂ ಒಂದು ಪ್ರಶ್ನಾವಳಿ ಕಳಿಸಿದರು. ಔಷಧಿ, ಅಲರ್ಜಿ, ವಿಮೆ, ಈಜು ಬರುತ್ತದಾ, ಪೊಲೀಸ್ ದಾಖಲೆ ಏನಾದರೂ ಇದೆಯಾ. ಕೊನೆಯ ಪ್ರಶ್ನೆ ನಿಜ ಹೇಳಬೇಕೆಂದರೆ ಹೆಸರಿಗೆ ಸೇರಿಸಿದ್ದು. ಐದನೆಯವರು ಮುಂದಾಳುವಿಗೆ ಖಾಸಗಿಯಾಗಿ ಫೋನ್ ಮಾಡಿದರು. ಕೆಲವು ವರ್ಷಗಳ ಹಿಂದೆ ಕುಡಿದು ಕಾರು ಓಡಿಸಿದ ಒಂದು ಕೇಸಿನಲ್ಲಿ ಶಿಕ್ಷೆ ಆಗಿತ್ತು.

ಅಮೆರಿಕದಲ್ಲಿ ಅದು ಮುಗಿದ ಕಥೆ. ಕೆನಡಾಕ್ಕೆ ಅಲ್ಲ. 2018ರ ಡಿಸೆಂಬರ್‌ನಲ್ಲಿ ಕೆನಡಾ ಕುಡಿದು ವಾಹನ ಓಡಿಸುವ ಅಪರಾಧದ ಗರಿಷ್ಠ ಶಿಕ್ಷೆಯನ್ನು 10 ವರ್ಷಕ್ಕೆ ಏರಿಸಿತು. ಅದರಿಂದ ವಲಸೆ ಕಾನೂನಿನ ಲೆಕ್ಕದಲ್ಲಿ ಅದು ಗಂಭೀರ ಅಪರಾಧದ ಸಾಲಿಗೆ ಸೇರಿತು. ಒಂದೇ ಒಂದು ಶಿಕ್ಷೆ ಇದ್ದರೂ ಗಡಿಯಲ್ಲಿ ತಡೆಯಬಹುದು. ತಾತ್ಕಾಲಿಕ ಅನುಮತಿಗೆ ಅರ್ಜಿ ಹಾಕಬಹುದು, ಸಿಗುವುದು ಅಧಿಕಾರಿಯ ವಿವೇಚನೆಗೆ ಬಿಟ್ಟಿದ್ದು.

ಗಡುವಿನ ನಿಯಮದ ಪ್ರಕಾರ ಎಲ್ಲರೂ ಅಮೆರಿಕದ ಕಡೆಯ ಪ್ರವಾಸಕ್ಕೆ ಹೊರಳಬೇಕಿತ್ತು. ಮುಂದಾಳು ಹಾಗೇ ಮಾಡಲು ಸಿದ್ಧ ಇದ್ದರು. ಐದನೆಯವರೇ ಬೇಡ ಅಂದರು. ತಾನು ಹಿಂದೆ ಸರಿಯುತ್ತೇನೆ, ಕಾರಣ ಉಳಿದವರಿಗೆ ಹೇಳುವುದು ಬೇಡ, ಇಂಜಿನಿಯರ್ ಇಷ್ಟು ಕಷ್ಟಪಟ್ಟು ವೀಸಾ ತಂದಿದ್ದಾರೆ ಅಂತ. ಪ್ರವಾಸ ಮುಗಿದ ಮೇಲೆ ಅವರೇ ಎಲ್ಲರಿಗೂ ಹೇಳಿದರು. ನಾನು ಬರೆಯಲು ಒಪ್ಪಿದ್ದೂ ಅವರ ಒತ್ತಾಯದ ಮೇಲೆಯೇ.

ಈ ಪ್ರಶ್ನೆ ಜನವರಿಯಲ್ಲೇ ಕೇಳಬೇಕಿತ್ತು, ಅದೂ ಎಲ್ಲರ ಮುಂದೆ ಅಲ್ಲ. ಮುಂದಾಳು ಈಗ ಮಾಡುವುದು ಹೀಗೆ: ಮೊದಲ ಸಭೆಗೂ ಮುಂಚೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದು, ಕೆನಡಾ ಯಾವ ಯಾವ ಕಾರಣಕ್ಕೆ ತಡೆಯಬಹುದು ಅಂತ ಪಟ್ಟಿ ಕೊಟ್ಟು, "ನಿಮಗೆ ಇದರಲ್ಲಿ ಯಾವುದಾದರೂ ಅನ್ವಯಿಸಿದರೆ ಕಾರಣ ಹೇಳಬೇಕಿಲ್ಲ, ಕೆನಡಾ ಬೇಡ ಅಂತ ಮಾತ್ರ ಹೇಳಿ" ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ತೋಚಿಲ್ಲ.

ಹೊರಟ ಮೇಲೆ

ನಾಲ್ಕು ಜನ, ಎರಡು ಕನೂ. ಕನೂಗಳನ್ನು ಈ ಕಡೆಯಿಂದ ಕಟ್ಟಿಕೊಂಡು ಹೋಗದೆ ಅಟಿಕೋಕನ್‌ನಲ್ಲೇ ಬಾಡಿಗೆಗೆ ತೆಗೆದುಕೊಂಡರು. ಸೌದೆ ಒಯ್ಯಲಿಲ್ಲ, ಗಡಿಯಲ್ಲಿ ಅದಕ್ಕೆ ಬಿಡುವುದಿಲ್ಲ. ಕರಡಿ ಸ್ಪ್ರೇ ಡಬ್ಬಿಯ ಮೇಲೆ ಪ್ರಾಣಿಗಳಿಗೆ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತಂದರು. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷಿದ್ಧ. ಕ್ವೆಟಿಕೊದಲ್ಲಿ ಮೀನಿಗೆ ಜೀವಂತ ಎರೆ ಹಾಕುವ ಹಾಗಿಲ್ಲ, ಗಾಳದ ಕೊಕ್ಕೆಗೆ ಹಿಂದಕ್ಕೆ ಬಾಗಿದ ಮುಳ್ಳು ಇರುವ ಹಾಗಿಲ್ಲ. ತಿಂಡಿ, ಪಾನೀಯದ ತಗಡಿನ ಡಬ್ಬಿ, ಗಾಜಿನ ಬಾಟಲಿ ಎರಡೂ ಉದ್ಯಾನದೊಳಗೆ ಬೇಡ.

ಫೋರ್ಟ್ ಫ್ರಾನ್ಸಿಸ್‌ನಲ್ಲಿ ಅಧಿಕಾರಿ ಹೆಚ್ಚು ಹೊತ್ತು ನೋಡಿದ್ದು ಇಂಜಿನಿಯರ್ ಕಾಗದವನ್ನಲ್ಲ, ಹುಡುಗನ ಒಪ್ಪಿಗೆ ಪತ್ರವನ್ನು. ಅಪ್ಪನ ನಂಬರಿಗೆ ಫೋನ್ ಮಾಡಲಿಲ್ಲ, ಆದರೆ ಮಾಡಬಹುದಾಗಿತ್ತು. ಅಪ್ಪ ಆ ದಿನ ಫೋನ್ ಕೈಲೇ ಹಿಡಿದುಕೊಂಡಿದ್ದರಂತೆ.

ಚಿಕ್ಕದೊಂದು ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಕನೂ ನಕ್ಷೆಗಳಲ್ಲಿ ಪೋರ್ಟೇಜ್ ಉದ್ದ ರಾಡ್ ಲೆಕ್ಕದಲ್ಲಿ ಇರುತ್ತದೆ. ಒಂದು ರಾಡ್ ಅಂದರೆ 16.5 ಅಡಿ, ಹೆಚ್ಚುಕಮ್ಮಿ ಒಂದು ಕನೂ ಉದ್ದ. ಕೆನಡಾದ ನಕ್ಷೆಗಳಲ್ಲಿ ಮೀಟರ್. 400 ಅನ್ನುವ ಅಂಕಿ ಮೀಟರಿನಲ್ಲಿ ಸಣ್ಣ ನಡಿಗೆ. ರಾಡ್‌ನಲ್ಲಿ ಎರಡು ಕಿಲೋಮೀಟರ್. ಹೊರೆ ಹೊತ್ತವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಇವರು ಹೊರಡುವ ಮುಂಚೆಯೇ ಎಲ್ಲವನ್ನೂ ಮೀಟರಿಗೆ ಬದಲಿಸಿ ನಕ್ಷೆಯ ಮೇಲೆ ಬರೆದುಕೊಂಡರು. ಗಡಿಯಾರದ ಚಿಂತೆ ಇರಲಿಲ್ಲ. ಅಟಿಕೋಕನ್ ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಳ್ಳುವ ಊರು, ಬೇಸಿಗೆಯಲ್ಲಿ ಅದು ಮಿನ್ನೆಸೋಟದ ಸಮಯಕ್ಕೇ ಹೊಂದುತ್ತದೆ.

ಮಾರ್ಗ: ಫ್ರೆಂಚ್ ಲೇಕ್‌ನಿಂದ ಪಿಕರೆಲ್ ಸರೋವರ, ಪೈನ್ ಪೋರ್ಟೇಜ್, ಡೊರೆ ಸರೋವರ, ಡ್ಯೂ ರಿವಿಯೇರ್, ಕೊನೆಗೆ ಸ್ಟರ್ಜನ್ ಸರೋವರ. ಹೋದ ದಾರಿಯಲ್ಲೇ ವಾಪಸ್. ಹಳೆಯ ಡಾಸನ್ ದಾರಿ ಇದೇ. 1870ರಲ್ಲಿ ರೆಡ್ ರಿವರ್ ಕಡೆ ಹೊರಟ ಸೇನೆ ದೋಣಿ ಹೊತ್ತು ಹೋದದ್ದು ಇಲ್ಲೇ.

ಪಿಕರೆಲ್ ದೊಡ್ಡ ಸರೋವರ. ಪಶ್ಚಿಮದ ಗಾಳಿ ಎದ್ದರೆ ಅಲೆ ಜೋರು. ಎರಡನೆಯ ದಿನ ಬೆಳಗ್ಗೆಯೇ ಗಾಳಿ ಎದ್ದಿತು, ಸಂಜೆಯಾದರೂ ಇಳಿಯಲಿಲ್ಲ. ದಡದಲ್ಲೇ ಕೂತರು. ಮಾರನೆಯ ದಿನ ಡೊರೆ ಮುಟ್ಟಿದಾಗ ಮುಂದಾಳು ಸ್ಟರ್ಜನ್ ಬೇಡ ಅಂದರು. ವಾಪಸ್ ಬರುವಾಗಲೂ ಇದೇ ಪಿಕರೆಲ್ ದಾಟಬೇಕು, ಇನ್ನೊಂದು ದಿನ ಗಾಳಿಗೆ ಕೈಲಿರಬೇಕು. ಹುಡುಗನಿಗೆ ಬೇಸರವಾಯಿತು. ಆದರೆ ಯಾರೂ ವಾದ ಮಾಡಲಿಲ್ಲ, ಯಾಕೆಂದರೆ ಗಾಳಿಗೆ ಒಂದು ದಿನ ಹೋದರೆ ಸ್ಟರ್ಜನ್ ಇಲ್ಲ ಅಂತ ಮನೆಯಲ್ಲೇ ಬರೆದಿಟ್ಟುಕೊಂಡಿದ್ದರು. ಸ್ಯಾಟಲೈಟ್ ಮೆಸೆಂಜರ್‌ನಲ್ಲಿ ಮನೆಗೆ ಎರಡು ಸಾಲು ಕಳಿಸಿ ತಿರುಗಿದರು. ಉಳಿಸಿದ ದಿನ ಬೇಕಾಗಲಿಲ್ಲ, ವಾಪಸ್ ಬರುವಾಗ ನೀರು ಶಾಂತವಾಗಿತ್ತು. ಅದರಿಂದ ತೀರ್ಮಾನ ತಪ್ಪಾಗುವುದಿಲ್ಲ.

ಇಂಟರ್‌ನ್ಯಾಷನಲ್ ಫಾಲ್ಸ್‌ನಲ್ಲಿ ಇಂಜಿನಿಯರನ್ನು ಒಳಗೆ ಕರೆದರು. ಮೊದಲ ಅಧಿಕಾರಿ ಅವಧಿ ಮುಗಿದ ವೀಸಾ ನೋಡಿ ಹುಬ್ಬೇರಿಸಿದರು. ಇವರು ಪ್ರಿಂಟ್ ಮಾಡಿದ ಪುಟ, ಐ-94, ಅನುಮೋದನೆ ಪತ್ರ ಕೊಟ್ಟರು. "ಅಲ್ಲಿ ವೀಸಾಗೆ ಅರ್ಜಿ ಹಾಕಿದಿರಾ?" ಅನ್ನುವುದು ಕೇಳಿದ ಪ್ರಶ್ನೆಗಳಲ್ಲಿ ಒಂದು. ಇಲ್ಲ ಅಂದರು. ಒಂದು ತಾಸಿನೊಳಗೆ ಹೊರಬಂದರು.

ಆಮೇಲೆ ಬದಲಾದದ್ದು

ಈ ಪ್ರಕರಣ ಓದಿ ಅದೇ ಮಾರ್ಗ ಹಿಡಿಯುವವರಿಗೆ ಒಂದು ಮುಖ್ಯ ವಿಷಯ. ಆರ್‌ಎಬಿಸಿ ಪರ್ಮಿಟ್ ಕಾರ್ಯಕ್ರಮವನ್ನೇ ಕೆನಡಾ ಮುಗಿಸುತ್ತಿದೆ. ಹಳೆಯ ಪರ್ಮಿಟ್‌ಗಳು ನಡೆಯುವುದು 2026ರ ಸೆಪ್ಟೆಂಬರ್ 13ರವರೆಗೆ. 14ರಿಂದ ಆ ಪ್ರದೇಶದಲ್ಲಿ ಕೆನಡಾಕ್ಕೆ ಬರುವವರು ಗಡಿ ಠಾಣೆಯಲ್ಲಿ, ಇಲ್ಲವೇ ಗೊತ್ತುಪಡಿಸಿದ ಟೆಲಿಫೋನ್ ಸ್ಥಳದಿಂದ ವರದಿ ಮಾಡಬೇಕು. ಅಂದರೆ ಇಂಜಿನಿಯರಿಗೆ ಮೊದಲಿನಿಂದಲೂ ಇದ್ದ ಪ್ರಶ್ನೆ ಈಗ ಮುಂದಾಳುವಿನದೂ ಹೌದು.

ಅವರ ಮುಂದಿನ ಯೋಜನೆಯಲ್ಲಿ ಐದನೆಯವರೂ ಇದ್ದಾರೆ. ಮಾರ್ಗ ನೈಫ್ ಸರೋವರದ ಅಮೆರಿಕದ ದಂಡೆ. ಈ ಸಲ ಜನವರಿಯಲ್ಲಿ ಹಿಡಿಯುವುದು ಒಂದೇ ಪರ್ಮಿಟ್.